ಹಳ್ಳಿಯೂ ಪಲ್ಲಿಯೂ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ಊರ ಹೆಸರುಗಳನ್ನು ಗಮನಿಸಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಕೆಲವು ‘ಹಳ್ಳಿ’ ಎಂದು ಮುಗಿಯುತ್ತವೆ, ಕೆಲವು ‘ಪಲ್ಲಿ’ ಎಂದು. ಶ್ರೀನಿವಾಸಪುರ ತಾಲ್ಲೂಕೊಂದರಲ್ಲಿಯೇ ಸೋಮಯಾಜಲಹಳ್ಳಿಯೂ ಇದೆ, ಗೌನಿಪಲ್ಲಿಯೂ ಇದೆ. ಶ್ರೀನಿವಾಸಪುರವೇ ಹಿಂದೆ ಪಾಪನಪಲ್ಲಿಯಾಗಿತ್ತು. ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನು ಅದಕ್ಕೆ ಇಟ್ಟರು. ‘ಹಳ್ಳಿ’ ಕನ್ನಡದ್ದು, ‘ಪಲ್ಲಿ’ ಪರಭಾಷೆಯದು, ಆದುದರಿಂದ ಅದನ್ನು ತಿದ್ದಬೇಕು ಎಂದು ಯಾರಾದರೂ ವಾದಿಸಿದರೆ, ಆ ವಾದಕ್ಕೆ ಶಾಸ್ತ್ರದ ಆಧಾರವಿಲ್ಲವೆಂದೇ ನಾವು ಹೇಳಬೇಕಾಗುತ್ತದೆ.

ಹಳಗನ್ನಡದ ರೂಪ ‘ಪಳ್ಳಿ’. ಸುಮಾರು 10ನೆಯ ಶತಮಾನದಿಂದೀಚೆಗೆ ಕನ್ನಡದಲ್ಲಿ ಪದದ ಮೊದಲ ಪಕಾರವು ಮೆಲ್ಲಮೆಲ್ಲನೆ ಹಕಾರವಾಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ತೆಲುಗು ಪಕಾರವನ್ನು ಉಳಿಸಿಕೊಂಡಿತು. ಅಲ್ಲಿ ಇಂದಿಗೂ ಪಾಲು, ಪುಲಿ, ಪಲ್ಲೆ. ಪಕಾರಕ್ಕೆ ತುಟಿಗಳು ಮುಚ್ಚಿ ತೆರೆಯಬೇಕು. ಆ ಮುಚ್ಚುವಿಕೆ ಸಡಿಲವಾಗುತ್ತ ಹೋದರೆ ಕೊನೆಗೆ ಉಳಿಯುವುದು ಬರಿಯ ಉಸಿರು, ಅದೇ ಹಕಾರ. ಹಳ್ಳಿಗರ ಬಾಯಲ್ಲಿ ಆ ಉಸಿರೂ ಉಡುಗಿ ‘ಅಳ್ಳಿ’ ಎಂದಾಗುವುದನ್ನು ನಾವೆಲ್ಲರೂ ಕೇಳಿದ್ದೇವೆ. ದೂರದ ಐರ್ಲೆಂಡಿನ ಭಾಷೆಯೂ ಇಂಥ ದಾರಿಯನ್ನೇ ಹಿಡಿಯಿತು. ತಂದೆಗೆ ಲ್ಯಾಟಿನ್ನಿನಲ್ಲಿ ‘ಪಾತೆರ್’. ಅದರ ದಾಯಾದಿಯಾದ ಐರಿಷ್ ಪದ, ಮೊದಲ ಪಕಾರವನ್ನು ಕಳೆದುಕೊಂಡು, ‘ಅಹಿರ್’.

ಅರ್ಥವೂ ಸಂಚರಿಸಿದೆ. ಕನ್ನಡ ತೆಲುಗುಗಳಲ್ಲಿ ಈ ಪದಕ್ಕೆ ಚಿಕ್ಕ ಊರೆಂದು ಅರ್ಥ. ತಮಿಳಿನ ‘ಪಳ್ಳಿ’ ಮಲಗುವ ಎಡೆಯೂ ಹೌದು, ಜೈನ ಬೌದ್ಧ ಮುನಿಗಳ ವಸತಿಯೂ ಹೌದು, ಶಾಲೆಯೂ ಹೌದು. ಮಲಯಾಳದಲ್ಲಿ ಮಸೀದಿಯೂ ಪಳ್ಳಿಯೇ, ಕ್ರೈಸ್ತರ ಇಗರ್ಜಿಯೂ ಪಳ್ಳಿಯೇ. ಜನರು ತಂಗುವ ಅಥವಾ ಸೇರುವ ತಾಣವೆಂಬ ಭಾವವು ಎಲ್ಲದರಲ್ಲಿಯೂ ತೋರುತ್ತದೆ.

‘ಪಲ್ಲಿ’ ಎಂಬ ಕೊನೆಯು ಆ ಊರಿನಲ್ಲಿ ತೆಲುಗು ಬಳಕೆಯಲ್ಲಿದ್ದುದನ್ನು ಸೂಚಿಸಬಹುದು, ನಿಜ. ಆದರೆ ನಾಲಗೆಯ ರೂಢಿಯೇ ಬೇರೆ, ನೆಲದ ಒಡೆತನವೇ ಬೇರೆ. ಹೆಸರನ್ನು ತಿದ್ದಿದರೆ, ಎರಡು ಭಾಷೆಗಳು ಎಲ್ಲಿ ಕೂಡಿ ಬಾಳಿದುವೆಂಬುದಕ್ಕೆ ಇರುವ ಸಾಕ್ಷ್ಯವನ್ನು ನಾವೇ ಅಳಿಸಿದಂತಾಗುತ್ತದೆ.

ಮನೆಯಲ್ಲಿ ತೆಲುಗನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುವ ಈ ಸೀಮೆಯ ವಿದ್ಯಾರ್ಥಿಗಳು ಅದಕ್ಕಾಗಿ ಸಂಕೋಚಪಡಬೇಕಾಗಿಲ್ಲ. ಇತರರು ಗ್ರಂಥಗಳಲ್ಲಿ ಹುಡುಕುವುದು ಅವರ ನಾಲಗೆಯ ಮೇಲೆಯೇ ಇದೆ. ಹಕಾರದಿಂದ ಮೊದಲಾಗುವ ಕನ್ನಡ ಪದಗಳನ್ನು ಅವರು ಪಟ್ಟಿ ಮಾಡಲಿ. ‘ಹಂಸ’ದಂತಹ ಸಂಸ್ಕೃತ ಪದಗಳನ್ನು ಬಿಟ್ಟು, ಉಳಿದವುಗಳ ಎದುರಿಗೆ ಅದೇ ಅರ್ಥದ ತೆಲುಗು ಪದವನ್ನು ಬರೆಯಲಿ. ಪಕಾರವು ಎಷ್ಟು ಸಲ ಎದುರಾಗುವುದೆಂಬುದನ್ನು ತಾವೇ ಎಣಿಸಿ ನೋಡಲಿ.