ಮದುವೆಯಾದ ಬ್ಯಾಚುಲರ್‌ಗಳು

ಬೈಂದೂರಿನ ಯಡ್ತರೆಯಲ್ಲಿ ನನಗೆ ಹೆಂಡತಿ, ಇಬ್ಬರು ಮಕ್ಕಳು. ದುಬೈಯಲ್ಲಿ ಹನ್ನೊಂದು ವರ್ಷ ನಾನು ‘ಬ್ಯಾಚುಲರ್’. ಒಂದು ಕೋಣೆ, ಆರು ಮಂಚ. ಆರೂ ಮಂದಿಗೆ ಊರಲ್ಲಿ ಸಂಸಾರ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕಾದರೆ ತಿಂಗಳಿಗೆ 4,000 ದಿರ್ಹಮ್ ಸಂಬಳ ಇರಬೇಕು, ಇಲ್ಲವೇ 3,000 ದಿರ್ಹಮಿನ ಜೊತೆ ಕಂಪನಿಯ ಮನೆ ಇರಬೇಕು. ಅಲ್ಲಿಯ ನಿಯಮ ಅದು. ನನಗಿದ್ದದ್ದು 3,600, ಮನೆ ಇಲ್ಲ. ನಾನೂರು ದಿರ್ಹಮಿನ ಕೊರತೆಗೆ ನನ್ನ ಮಗಳು ಅಪ್ಪನನ್ನು ಮೊಬೈಲಿನಲ್ಲಿ ನೋಡುತ್ತ ಬೆಳೆದಳು.

ನಾನು ಬಿಸಿಲಲ್ಲಿ ಕಬ್ಬಿಣ ಹೊತ್ತವನಲ್ಲ. ಗಾಜಿನ ಕಟ್ಟಡದ ಅಂತಾರಾಷ್ಟ್ರೀಯ ಕಚೇರಿಯಲ್ಲಿ ನಕ್ಷೆ, ಕಡತ ನೋಡಿಕೊಳ್ಳುತ್ತಿದ್ದವನು. ಪಕ್ಕದ ಮೇಜಿನಲ್ಲಿ ಇಂಗ್ಲೆಂಡಿನಿಂದ ಬಂದವನು. ಒಂದೇ ಕೆಲಸ, ಒಂದೇ ಗಡುವು, ಒಬ್ಬನೇ ಮೇಲಧಿಕಾರಿ. ಅವನು ಸೇರಿದಾಗ ಕೆಲಸ ಕಲಿಸಿದವನು ನಾನು. ಅವನ ಸಂಬಳ ನನ್ನದರ ನಾಲ್ಕು ಪಟ್ಟು. ಮನೆ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ ಬೇರೆ. ಯಾಕೆ ಎಂದು ಎಚ್.ಆರ್. ವಿಭಾಗದಲ್ಲಿ ಕೇಳಿದೆ. ‘ಅವರವರ ದೇಶದ ಮಾರುಕಟ್ಟೆ ದರ’ ಎಂದರು. ಕೆಲಸಕ್ಕೆ ದರವಿಲ್ಲ, ಪಾಸ್‌ಪೋರ್ಟಿಗೆ ದರವಿದೆ! ಕಾನೂನಿನ ಲೆಕ್ಕದಲ್ಲಿ ಇಬ್ಬರೂ ಹೊರದೇಶದವರೇ. ಆದರೂ ಅವನು ‘ಎಕ್ಸ್‌ಪ್ಯಾಟ್’, ನಾನು ಪರದೇಶಿ. ಆ ಎರಡು ಪದಗಳ ನಡುವಿನ ಅಂತರವನ್ನು ಪ್ರತಿ ತಿಂಗಳೂ ನನ್ನ ಸಂಬಳದಿಂದ ಕಡಿದರು.

ಇನ್ನೊಂದು ಪದವಿದೆ: ‘ಬೇಸಿಕ್’. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನದ ಮೂಲವೇತನ. ನನ್ನ 3,600ರಲ್ಲಿ ಮೂಲವೇತನ ಎಂದು ಬರೆದದ್ದು 1,200. ಮಿಕ್ಕದ್ದೆಲ್ಲ ಭತ್ಯೆ. ವರ್ಷಕ್ಕೆ 2,520 ದಿರ್ಹಮ್ ಬರಬೇಕಿದ್ದಲ್ಲಿ ಬಂದದ್ದು 840. ಕಾನೂನು ಮುರಿಯಲಿಲ್ಲ, ಪದವೊಂದನ್ನು ಸಣ್ಣದು ಮಾಡಿದರು, ಅಷ್ಟೇ. ನನ್ನ ಪ್ರಾಯದ ಬೆಲೆಯ ಮೂರರಲ್ಲಿ ಎರಡು ಪಾಲು ಅದರಲ್ಲೇ ಕರಗಿಹೋಯಿತು.

ಹಾಗೆಂದು ಪರದೇಶವನ್ನಷ್ಟೇ ಬೈದು ಸುಮ್ಮನಾಗಲಾರೆ. ಎಸ್ಸೆಸ್ಸೆಲ್ಸಿ ದಾಟದ ನಮ್ಮ ಹುಡುಗನ ಪಾಸ್‌ಪೋರ್ಟಿಗೆ ‘ಇಸಿಆರ್’ (ವಲಸೆ ತಪಾಸಣೆ ಅಗತ್ಯ) ಎಂದು ಗುರುತು ಹಾಕುವುದು ನಮ್ಮದೇ ಸರ್ಕಾರ. ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ದುಡಿಯಲು ಹೋಗುವಾಗ ಅವನು 1983ರ ವಲಸೆ ಕಾಯ್ದೆಯ ಪ್ರಕಾರ ಅನುಮತಿ ಪಡೆಯಬೇಕು. ರಕ್ಷಣೆಗಾಗಿ ಎನ್ನುತ್ತಾರೆ. 2017ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಪ್ರವಾಸಿ ಭಾರತೀಯ ದಿವಸದ ಸಂಭ್ರಮ ನಡೆಯಿತು. ಸರಿಯಾಗಿ ಒಂದು ವರ್ಷಕ್ಕೆ, 2018ರ ಜನವರಿಯಲ್ಲಿ, ಇಸಿಆರ್‌ನವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ಕೊಡುತ್ತೇವೆಂದು ಅದೇ ಸರ್ಕಾರ ಹೇಳಿತು. ಜನ ಸಿಡಿದೆದ್ದ ಮೇಲೆ, ಆ ತಿಂಗಳು ಮುಗಿಯುವುದರೊಳಗೆ ಕೈಬಿಟ್ಟಿತು. ಆದರೆ ಆ ಯೋಚನೆ ಹುಟ್ಟಿದ ತಲೆ ಇನ್ನೂ ಅಲ್ಲೇ ಇದೆ. ಓದದವನಿಗೆ ದೂರದಿಂದಲೇ ಕಾಣುವ ಬಣ್ಣ ಬಳಿಯುವುದು ನಮ್ಮ ನೆಲದಲ್ಲಿ ಹೊಸತೇ? ಅಸ್ಪೃಶ್ಯತೆ ಕಲಿಸಿದ ಪಾಠವದು.

2024ರ ಜೂನ್ 12ರ ಮುಂಜಾವ ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರು ಮಲಗಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. 45 ಭಾರತೀಯರ ಶವ ಹೊತ್ತ ವಾಯುಪಡೆಯ ವಿಮಾನ ಕೊಚ್ಚಿಗೆ ಬಂತು. ಮಂತ್ರಿಗಳು ಹೂಗುಚ್ಛ ಇಟ್ಟರು. ಉಸಿರಿದ್ದಾಗ ಅವರ ಮಂಚಗಳನ್ನು ಎಣಿಸಿದವರು ಯಾರು?

ಊರಿಗೆ ಬಂದರೆ ಮೊದಲ ಮಾತು: ‘ಹ್ವಾಯ್, ತಿರ್ಗ್ ಯಾವಾಗ ಹೋಪುದ್?’ ಎರಡನೆಯದು ರಶೀದಿ ಪುಸ್ತಕ. ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಯಕ್ಷಗಾನದ ಆಟಕ್ಕೆ, ಕ್ರಿಕೆಟ್ ಟೂರ್ನಮೆಂಟಿಗೆ ‘ಫಾರಿನ್ನಿನವರ’ ಹೆಸರಲ್ಲಿ ಒಂದು ಸೊನ್ನೆ ಹೆಚ್ಚು. ಕೊಟ್ಟೆ, ಮರ್ಯಾದೆಗೆ ಅಂಜಿ ಕೊಟ್ಟೆ. ಕೆಲಸ ಹೋಗಿ ಬಂದ ಮೇಲೆ ಆ ರಶೀದಿ ಪುಸ್ತಕಗಳೂ ಬರಲಿಲ್ಲ, ವಿಚಾರಿಸುವವರೂ ಬರಲಿಲ್ಲ. ಪಕ್ಕದ ಕೇರಳ 1996ರಲ್ಲೇ ಹೊರನಾಡಿನ ತನ್ನ ಜನಕ್ಕೆಂದು ಪ್ರತ್ಯೇಕ ಇಲಾಖೆ ಮಾಡಿತು. ಕರಾವಳಿಯ ಹಣದಿಂದ ಬ್ಯಾಂಕು ತುಂಬಿಸಿಕೊಂಡ ಕರ್ನಾಟಕವೇ, ನಮ್ಮ ಮುಪ್ಪಿನ ಲೆಕ್ಕ ಯಾವ ಮೇಜಿನಲ್ಲಿದೆ? ಪಿಂಚಣಿ ಕೊಡು. ವಂಚಿಸುವ ಏಜೆಂಟನನ್ನು ಜೈಲಿಗೆ ಹಾಕು. ಹೊರಡುವ ಹುಡುಗನಿಗೆ ಕರಾರಿನ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳುವ ಒಬ್ಬ ನೌಕರನನ್ನು ಬೈಂದೂರಿನ ತಾಲ್ಲೂಕು ಕಚೇರಿಯಲ್ಲಿ ಕೂರಿಸು. ಇದು ಭಿಕ್ಷೆಯಲ್ಲ, ನಾವು ಕಳಿಸಿದ ಹಣದ ಬಾಕಿ.

ನನ್ನ ಅಮ್ಮ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿದವಳು. ಕಿಲೋ ಲೆಕ್ಕದ ಕೂಲಿ. ಓದು ಬರಹ ಇರಲಿಲ್ಲ, ತಕ್ಕಡಿಯ ಮುಳ್ಳು ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ‘ತೂಕ ಕಾಣ್ದೆ ಚೀಟಿ ತಕಂಬುಕಾಗ ಮಗಾ’ ಎನ್ನುತ್ತಿದ್ದಳು. ಡಿಗ್ರಿ ಓದಿದ ನಾನು ಅವಳ ಮಾತು ಮರೆತು, ಗಾಜಿನ ಕಟ್ಟಡಕ್ಕೆ ಮರುಳಾಗಿ ಸಹಿ ಹಾಕಿದೆ.

ಈ ವಾರ ನಮ್ಮ ಕೇರಿಯಿಂದ ಇನ್ನೊಬ್ಬ ಹುಡುಗ ಹೊರಟಿದ್ದಾನೆ. ನಿನ್ನೆ ಅವನ ಕರಾರನ್ನು ಜಗಲಿಯಲ್ಲಿ ಹರವಿ ‘ಬೇಸಿಕ್’ ಎಂಬಲ್ಲಿ ಬೆರಳಿಟ್ಟು ಕೂತೆವು. ಅವನು ಏಜೆಂಟನಿಗೆ ಫೋನು ಮಾಡಿ ಹೇಳಿದ: ‘ಇದನ್ನು ತಿದ್ದಿ ಕಳಿಸಿ. ಆಮೇಲೆ ಸಹಿ.’