ಯಂತ್ರ ನಮ್ಮದು, ಬೀಗದಕೈ ಯಾರದು?

ಕಳೆದ ತಿಂಗಳು ಸಂತೆಯ ದಿನ ಚಿಂತಾಕಿಗೆ ಹೋಗಿದ್ದೆ. ಅಲ್ಲಿಯ ಕಿರಾಣಿ ವ್ಯಾಪಾರಿಯೊಬ್ಬರು ಗಲ್ಲೆಯ ಪಕ್ಕದಲ್ಲಿದ್ದ ತಮ್ಮ ಕಂಪ್ಯೂಟರನ್ನು ತೋರಿಸಿ, “ಮಾಸ್ತರ್ರೆ, ಇದಕ್ಕ ಏನೂ ಆಗಿಲ್ರಿ. ಖರೆ, ಚಾಲೂ ಮಾಡಿದ್ರ ಸಾಕು, ನಿನ್ನ ಕಾಲ ಮುಗೀತು ಅಂತ ಬರ್ತದ. ಹೊಸದು ತಗೋರಿ ಅಂತ ಬೀದರದಾಗ ಹೇಳ್ತಾರ. ತಗೋಬೇಕೇನ್ರಿ?” ಎಂದು ಕೇಳಿದರು. ನೋಡಿದೆ. 2016ರಲ್ಲಿ ಕೊಂಡ ಯಂತ್ರ. ಪರದೆ ಸ್ವಚ್ಛವಾಗಿದೆ, ಕೀಲಿಮಣೆಯ ಒಂದೆರಡು ಅಕ್ಷರ ಅಳಿಸಿದ್ದು ಬಿಟ್ಟರೆ ಮತ್ತಾವ ಲೋಪವೂ ಇಲ್ಲ. ಅದರ ಮುಂದೆ ಕುಳಿತೇ ಅವರ ಹಿರಿಯ ಮಗಳು ಪಿ.ಯು.ಸಿ. ಮುಗಿಸಿದ್ದಾಳೆ, ಈಗ ತಮ್ಮನ ಸರದಿ.

ಗಿರಣಿಯ ಯಂತ್ರದ ಹಲ್ಲು ಸವೆದರೆ ಬದಲಿಸಬೇಕು, ಅದರಲ್ಲಿ ವಾದವಿಲ್ಲ. ಆದರೆ ಹಲ್ಲು ಸವೆಯದೆ, ಬೇರಿಂಗ್ ಕೂಗದೆ, ಎಲ್ಲೋ ದೂರದ ಕಚೇರಿಯಿಂದ ಬಂದ ಒಂದು ಫರ್ಮಾನಿನಿಂದ ಯಂತ್ರ ಮುದಿಯಾಗುವುದನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ಇಲ್ಲಿ ಆದದ್ದು ಅದೇ. ವಿಂಡೋಸ್ 10 ಎಂಬ ಮೂಲ ತಂತ್ರಾಂಶಕ್ಕೆ 2025ರ ಅಕ್ಟೋಬರ್ 14ರಂದು ಕಂಪನಿ ತನ್ನ ಆಸರೆಯನ್ನು ನಿಲ್ಲಿಸಿತು. ಮನೆಬಳಕೆಯವರಿಗೆ ಒಂದು ವರ್ಷದ ವಿಸ್ತರಣೆಯನ್ನು ಮಾತ್ರ ಇಟ್ಟಿತು. ಹೊಸ ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು. ಸುಮಾರು 2018ಕ್ಕೆ ಹಿಂದಿನ ಬಹುತೇಕ ಪ್ರೊಸೆಸರುಗಳು ಅದರ ಪಟ್ಟಿಯಲ್ಲೇ ಇಲ್ಲ. ಯಂತ್ರ ನಡೆಯುತ್ತದೆ, ನಿಜ. ಆದರೆ ಕಳ್ಳಗಿಂಡಿಗಳು ಕಂಡಾಗ ಮುಚ್ಚುವವರಿಲ್ಲ. ಬ್ಯಾಂಕಿನ ವ್ಯವಹಾರ, ಜಿ.ಎಸ್.ಟಿ. ಲೆಕ್ಕ ಇಟ್ಟವರು ಅಂಥ ಮನೆಯಲ್ಲಿ ನಿಶ್ಚಿಂತರಾಗಿ ಮಲಗುವುದು ಹೇಗೆ?

ದುಡ್ಡಿದ್ದವರು ಹೊಸದನ್ನು ಕೊಳ್ಳುತ್ತಾರೆ. ದಿನಗೂಲಿಯವರೂ ಸಣ್ಣ ವ್ಯಾಪಾರಿಗಳೂ ಏನು ಮಾಡಬೇಕು? ಅವರಿಗಾಗಿಯೇ ಲಿನಕ್ಸ್ ಎಂಬ ಹೆಸರನ್ನು ಈ ಪತ್ರಿಕೆಯಲ್ಲಿ ಎತ್ತುತ್ತಿದ್ದೇನೆ. ಇದು ಎಂಜಿನಿಯರರ ಸೊತ್ತು ಎಂದು ಓದದೆ ಪುಟ ತಿರುವಬೇಡಿರಿ. ನಾನು ಓದಿದ್ದು ಮೆಟ್ರಿಕ್, ನನಗೆ ಸಾಧ್ಯವಾಯಿತು.

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ತನ್ನ ಮನೆಯ ಯಂತ್ರಕ್ಕಾಗಿ ಒಂದು ತಿರುಳನ್ನು ಬರೆದು ಅದನ್ನು ಎಲ್ಲರ ಮುಂದಿಟ್ಟ. ಅದಕ್ಕೂ ಮುಂಚೆ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನೂ ಎಂಬ ಕಾರ್ಯವನ್ನು ಘೋಷಿಸಿ, ತಂತ್ರಾಂಶವನ್ನು ಬೇಕಾದಂತೆ ಬಳಸುವ, ಒಳಗೆ ಬಿಚ್ಚಿ ನೋಡುವ, ಪ್ರತಿ ಮಾಡಿ ಹಂಚುವ, ತಿದ್ದಿ ಮತ್ತೆ ಹಂಚುವ ನಾಲ್ಕು ಸ್ವಾತಂತ್ರ್ಯಗಳು ಪ್ರತಿಯೊಬ್ಬ ಬಳಕೆದಾರನಿಗೂ ಇರತಕ್ಕದ್ದೆಂದು ವಾದಿಸಿದ್ದ. ಎರಡೂ ಕೂಡಿದಾಗ ಇಡೀ ಯಂತ್ರ ನಡೆಸಬಲ್ಲ ತಂತ್ರಾಂಶ ಸಿದ್ಧವಾಯಿತು.

ನಮ್ಮ ಔರಾದ ತಾಲೂಕಿನ ರೈತನಿಗೆ ಇದನ್ನು ಹೇಳುವುದು ಸುಲಭ. ಮನೆಯ ತೊಗರಿ ಬೀಜವನ್ನು ಅವನು ಕಾಯ್ದಿಡುತ್ತಾನೆ, ಬಿತ್ತುತ್ತಾನೆ, ಪಕ್ಕದ ಹೊಲದವನಿಗೆ ಎರಡು ಸೇರು ಕೊಡುತ್ತಾನೆ, ಒಳ್ಳೆಯ ಕಾಯಿ ಬಿಟ್ಟ ಗಿಡವನ್ನೇ ಆರಿಸಿ ಮುಂದಿನ ವರ್ಷಕ್ಕೆ ಇಡುತ್ತಾನೆ. ಕಂಪನಿಯ ಹೈಬ್ರಿಡ್ ಬೀಜವಾದರೆ ಪ್ರತಿ ಮಿರಗಕ್ಕೂ ಅಂಗಡಿಯ ಮುಂದೆ ನಿಲ್ಲಬೇಕು. ಲಿನಕ್ಸ್ ಮನೆಯ ಬೀಜ. ಒಬ್ಬನ ಪೆನ್ ಡ್ರೈವಿನಿಂದ ಹತ್ತು ಮನೆಗೆ ಹಾಕಿದರೂ ಕಳ್ಳತನವಲ್ಲ, ಕಾನೂನೇ ಅದಕ್ಕೆ ಅನುಮತಿ ಕೊಟ್ಟಿದೆ.

“ನಮ್ಮೂರಲ್ಲಿ ವಿಂಡೋಸ್‌ಗೆ ಯಾರು ದುಡ್ಡು ಕೊಡುತ್ತಾರೆ, ಅದೂ ಪುಕ್ಕಟೆಯೇ ಅಲ್ಲವೆ?” ಎಂದು ಕೆಲವರು ನಗುತ್ತಾರೆ. ಪುಕ್ಕಟೆಯಲ್ಲ. ಐನೂರೋ ಆರುನೂರೋ ತೆಗೆದುಕೊಂಡು ಕಳ್ಳಪ್ರತಿ ಹಾಕಿಕೊಡುವವನಿಗೆ ಕೊಟ್ಟಿರುತ್ತೀರಿ. ಆರು ತಿಂಗಳಿಗೆ ವೈರಸ್ ಹೊಕ್ಕಾಗ ಮತ್ತೆ ಕೊಡುತ್ತೀರಿ. ಬೀಗ ಮುರಿಯುವ ಆ ತಂತ್ರಾಂಶದ ಹೊಟ್ಟೆಯಲ್ಲಿ ಏನಿದೆಯೆಂದು ಹಾಕಿದವನಿಗೂ ತಿಳಿಯದು. ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಬೇರೊಂದು ಸಂಗತಿ. ದುಡಿದು ತಿನ್ನುವ ಮನುಷ್ಯ ತನ್ನ ಉಪಕರಣದ ಮುಂದೆ ಕಳ್ಳನಂತೆ ಕುಳಿತುಕೊಳ್ಳುವುದು ಏಕೆ?

ಹಾಗೆಂದು ಲಿನಕ್ಸ್ ಎಂದರೆ ಸಮಾಜವಾದವೇ ಬಂದುಬಿಟ್ಟಿತೆಂದು ನಾನು ಡಂಗುರ ಹೊಡೆಯುವುದಿಲ್ಲ. ನಮ್ಮ ಕೆಲವು ಉತ್ಸಾಹಿ ಗೆಳೆಯರು ಹಾಗೆ ಮಾತನಾಡುತ್ತಾರೆ, ಅದು ಸರಿಯಲ್ಲ. ಇವತ್ತು ಅದರ ತಿರುಳನ್ನು ಬರೆಯುವವರಲ್ಲಿ ಬಹುಪಾಲು ಜನ ದೊಡ್ಡ ಕಂಪನಿಗಳ ಸಂಬಳದವರು. ಲಿನಕ್ಸ್ ವ್ಯಾಪಾರದ ರೆಡ್ ಹ್ಯಾಟ್ ಕಂಪನಿಯನ್ನು ಐ.ಬಿ.ಎಂ. 2019ರಲ್ಲಿ 34 ಶತಕೋಟಿ ಡಾಲರಿಗೆ ಕೊಂಡಿತು. ನಿಮ್ಮ ಕಿಸೆಯ ಆಂಡ್ರಾಯ್ಡ್ ಫೋನಿನ ಒಳಗೂ ಇದೇ ತಿರುಳಿದೆ. ಅದರ ಲಾಭ ಯಾರಿಗೆ ಹೋಗುತ್ತದೆ ಎಂದು ಎಲ್ಲರೂ ಬಲ್ಲರು. ಬಂಡವಾಳಗಾರ ತನಗೆ ಅನುಕೂಲವಾದಾಗ ಕೆರೆಯ ನೀರನ್ನೂ ಬಳಸುತ್ತಾನೆ. ಕೆರೆ ಊರಿನದಾಗಿಯೇ ಉಳಿದಿದೆ, ಅದಕ್ಕೆ ಬೇಲಿ ಹಾಕಲು ಲೈಸೆನ್ಸು ಬಿಡುವುದಿಲ್ಲ ಎಂಬುದಷ್ಟೇ ನನಗೆ ಮುಖ್ಯ.

ಕನ್ನಡ ನಾಡಿಗೆ ಇದು ಹೊಸದೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಜನಸಾಮಾನ್ಯರಿಗೆಂದು ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈಯಗಲದ ಯಂತ್ರ ಲಿನಕ್ಸ್ ಮೇಲೆಯೇ ನಡೆಯುತ್ತಿತ್ತು. 2004ರಲ್ಲಿ ಅದು ಅಮಿಡಾ ಎಂಬ ಹೆಸರಿನಿಂದ ಪೇಟೆಗೆ ಬಂದಿತು. ಎಣಿಸಿದಷ್ಟು ಮಾರಾಟವಾಗದೆ ಸೋತಿತು, ಆ ಮಾತು ಬೇರೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಡೆಯ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನ ಸಮುದಾಯ ಕಂಪ್ಯೂಟರ್ ಕೇಂದ್ರ ನಡೆಯಿತು. ಕೂಲಿಕಾರರ ಮಕ್ಕಳು ಅಲ್ಲಿ ಹಳೆಯ ಯಂತ್ರಗಳ ಮೇಲೆ ಲಿನಕ್ಸ್ ಕಲಿತು ಜಿಂಪ್‌ನಲ್ಲಿ ಚಿತ್ರ ಬರೆದರು. ನಮ್ಮ ಸರಕಾರಿ ಪ್ರೌಢಶಾಲೆಯ ಅಧ್ಯಾಪಕರಿಗೆ ಡಿ.ಎಸ್.ಇ.ಆರ್.ಟಿ.ಯೂ ಐ.ಟಿ. ಫಾರ್ ಚೇಂಜ್ ಸಂಸ್ಥೆಯೂ ಸೇರಿ ತರಬೇತಿ ಕೊಟ್ಟದ್ದು ಉಬುಂಟು ಲಿನಕ್ಸ್ ಮೇಲೆ. ನೆರೆಯ ಕೇರಳದ ಸರಕಾರಿ ಶಾಲೆಗಳಂತೂ ಎಷ್ಟೋ ವರ್ಷಗಳ ಹಿಂದೆಯೇ ಈ ದಾರಿ ಹಿಡಿದವು. ಅಲ್ಲಿಯ ಹಳ್ಳಿಯ ಹುಡುಗಿ ಎಸ್ಸೆಸ್ಸೆಲ್ಸಿಯ ಕಂಪ್ಯೂಟರ್ ಪರೀಕ್ಷೆಯನ್ನು ಲಿನಕ್ಸಿನಲ್ಲಿ ಬರೆಯುತ್ತಾಳೆ. ಅವಳಿಗಿಂತ ಚಿಂತಾಕಿಯ ಹುಡುಗಿ ದಡ್ಡಳೇನು?

ಕನ್ನಡದ ಮಾತು ಬಂದಾಗ ಒಬ್ಬರನ್ನು ನೆನೆಯದಿದ್ದರೆ ತಪ್ಪಾದೀತು. ಇವತ್ತು ನಾವು ಕಗಪ ಎಂದು ಕರೆಯುವ ಕೀಲಿಮಣೆಯ ವಿನ್ಯಾಸಕ್ಕೆ ಮೂಲ ಕೆ.ಪಿ. ರಾವ್ ಅವರದು. ಅದಕ್ಕೆ ಹಕ್ಕುಪತ್ರ ಬರೆಸಿಕೊಂಡು ಸುಂಕ ವಸೂಲು ಮಾಡದೆ ಅವರು ಜನರಿಗೆ ಬಿಟ್ಟುಕೊಟ್ಟರು. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರು ಲಿನಕ್ಸಿನಲ್ಲಿಯೂ ಅದೇ ಕೀಲಿಗಳನ್ನು ಒತ್ತಬಹುದು. ಆ ವಿನ್ಯಾಸ ಅದರೊಳಗೇ ಇದೆ. ಲೋಹಿತ್, ಗುಬ್ಬಿ, ನವಿಲು ಎಂಬ ಕನ್ನಡದ ಅಕ್ಷರರೂಪಗಳೂ ಉಚಿತ.

ಈಗ ಕೆಲಸಕ್ಕೆ ಬರೋಣ. ಲಿನಕ್ಸಿಗೆ ಹತ್ತಾರು ಹೆಸರು, ಹತ್ತಾರು ಬಣ್ಣ. ಹೊಸಬರು ಅದರಲ್ಲಿಯೇ ದಾರಿ ತಪ್ಪುತ್ತಾರೆ. ನಾನು ಹೇಳುವುದು ಒಂದೇ: ಲಿನಕ್ಸ್ ಮಿಂಟ್ ಹಿಡಿಯಿರಿ. ವಿಂಡೋಸ್ ಕಂಡ ಕಣ್ಣಿಗೆ ಅದು ಪರಕೀಯವೆನಿಸದು. ಅದರ 22ನೆಯ ಆವೃತ್ತಿಗೆ 2029ರವರೆಗೆ ದುರಸ್ತಿಯ ಆಸರೆ ಇದೆ. ಯಂತ್ರಕ್ಕೆ 4 ಜಿಬಿ ರ‍್ಯಾಮ್ ಇದ್ದರೆ ಸಮಾಧಾನ. ಬಡ ಯಂತ್ರವಾದರೆ ಅದರಲ್ಲಿಯೇ ಎಕ್ಸ್‌ಎಫ್‌ಸಿಇ ಎಂಬ ಹಗುರ ರೂಪವನ್ನು ಆರಿಸಿರಿ. 32 ಬಿಟ್ಟಿನ ತೀರ ಹಳೆಯ ಯಂತ್ರಕ್ಕೆ ಇದು ಹತ್ತದು.

ಮೂರು ಜಿಬಿಯ ಆಸುಪಾಸಿನ ಆ ಕಡತವನ್ನು ಮಿಂಟ್‌ನ ಸ್ವಂತ ತಾಣದಿಂದಲೇ ಇಳಿಸಿಕೊಂಡು, ರುಫಸ್ ಅಥವಾ ಎಚ್ಚರ್ ಎಂಬ ಉಚಿತ ಸಾಧನದಿಂದ 8 ಜಿಬಿಯ ಪೆನ್ ಡ್ರೈವಿಗೆ ಬರೆಯಬೇಕು. ಬರಿದೆ ಕಾಪಿ ಮಾಡಿದರೆ ನಡೆಯದು. ಅನೇಕರು ಎಡವುವುದು ಇಲ್ಲಿಯೇ. ಪೆನ್ ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ, ಮದುವೆಯ ಫೋಟೋ ಇದ್ದರೆ ಮೊದಲು ತೆಗೆದಿಡಿರಿ. ಅನಂತರ ಅದನ್ನು ಸಿಕ್ಕಿಸಿ, ಯಂತ್ರ ಹೊತ್ತಿಸಿದ ಕ್ಷಣವೇ ಎಫ್12 ಒತ್ತಬೇಕು. ಕೆಲವು ಯಂತ್ರಗಳಲ್ಲಿ ಎಫ್9, ಕೆಲವದರಲ್ಲಿ ಎಸ್ಕೇಪ್. ಬಂದ ಪಟ್ಟಿಯಲ್ಲಿ ಪೆನ್ ಡ್ರೈವನ್ನು ಆರಿಸಿದರೆ ಲಿನಕ್ಸ್ ಪರದೆಯ ಮೇಲೆ ನಿಲ್ಲುತ್ತದೆ. ಇನ್ನೂ ನಿಮ್ಮ ಹಾರ್ಡ್ ಡಿಸ್ಕನ್ನು ಅದು ಮುಟ್ಟಿಲ್ಲ. ಎತ್ತು ಕೊಳ್ಳುವ ಮುಂಚೆ ನೊಗಕ್ಕೆ ಕಟ್ಟಿ ನೋಡುವುದಿಲ್ಲವೆ, ಹಾಗೆ ನೋಡಿರಿ. ವೈಫೈ ಹತ್ತಿತೆ? ಸದ್ದು ಬಂತೆ? ಪ್ರಿಂಟರ್ ಕಾಗದ ಉಗುಳಿತೆ? ಎರಡು ದಿನ ಹೀಗೆಯೇ ನಡೆಸಿದರೂ ನಷ್ಟವಿಲ್ಲ. ತುಸು ನಿಧಾನವಾದೀತು, ಅಷ್ಟೆ.

ಒಪ್ಪಿಗೆಯಾದರೆ ತೆರೆಯ ಮೇಲಿರುವ ಇನ್‌ಸ್ಟಾಲ್ ಗುರುತನ್ನು ಒತ್ತುವುದು. ಅದಕ್ಕೂ ಮೊದಲು ಎಲ್ಲ ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ಇಳಿಸಿ, ಆ ಡಿಸ್ಕನ್ನು ಕಿತ್ತು ಕಪಾಟಿನಲ್ಲಿಡಿರಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಮೊದಲ ಸಲ ನಾನು ಅವಸರಪಟ್ಟೆ. “ವಿಂಡೋಸ್ ಜೊತೆಯಲ್ಲಿಯೇ ಹಾಕು” ಎಂಬುದನ್ನು ಬಿಟ್ಟು “ಡಿಸ್ಕನ್ನೆಲ್ಲ ಅಳಿಸು” ಎಂಬುದನ್ನು ಒತ್ತಿದೆ. ಮೂರು ವರ್ಷದ ಚಂದಾ ಲೆಕ್ಕ, ಸದಸ್ಯರ ಪಟ್ಟಿ ಇಪ್ಪತ್ತು ನಿಮಿಷದಲ್ಲಿ ಹೋದವು. ಹರಿದ ರಸೀದಿ ಪುಸ್ತಕಗಳಿಂದ ಅದನ್ನು ಮತ್ತೆ ಬರೆದುಕೊಳ್ಳಲು ಒಂದು ಚಳಿಗಾಲವೇ ಹಿಡಿಯಿತು. ತಪ್ಪು ಲಿನಕ್ಸಿನದಲ್ಲ, ನನ್ನದು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವವರು ವಿಂಡೋಸಿನಲ್ಲಿ ಬಿಟ್‌ಲಾಕರ್ ಬೀಗವಿದೆಯೇ ಎಂದು ಮೊದಲೇ ನೋಡಿ, ಅದರ ಕೀಲಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಡಬೇಕು.

ಉಳಿದದ್ದು ಸುಲಭ. ಹೆಸರು, ಗುಪ್ತಪದ, ಊರಿನ ಸಮಯ ಕೇಳುತ್ತದೆ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಅದರಲ್ಲಿಯೇ ಬಂದಿರುತ್ತವೆ. ಮೊದಲು ಅಪ್‌ಡೇಟ್ ಮಾಡಿ. ಟೈಮ್‌ಶಿಫ್ಟ್ ಎಂಬುದರಲ್ಲಿ ಒಂದು ಗುರುತು ಇಟ್ಟುಕೊಳ್ಳಿ. ನಾಳೆ ಏನಾದರೂ ಕೆಡಿಸಿಕೊಂಡರೆ ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತರಬಹುದು. ನಿಮ್ಮ ಸ್ವಂತ ಕಡತಗಳಿಗೆ ಮಾತ್ರ ಬೇರೆ ಪ್ರತಿಯೇ ಗತಿ. ತಂತ್ರಾಂಶ ಬೇಕಾದಾಗ ಸಿಕ್ಕಸಿಕ್ಕ ತಾಣದಿಂದ ತರಬೇಡಿರಿ. ಮಿಂಟ್‌ನಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್ ಎಂಬ ಉಗ್ರಾಣವಿದೆ. ಸಾವಿರಾರು ಸಾಮಾನು ಅಲ್ಲಿ, ಬಹುಮಟ್ಟಿಗೆ ಎಲ್ಲ ಉಚಿತ. ಕೀಲಿಮಣೆಯ ಸೆಟ್ಟಿಂಗಿನಲ್ಲಿ ಕನ್ನಡ ಕಗಪ ಸೇರಿಸಿದರೆ ಅವತ್ತೇ ಕನ್ನಡದ ಪತ್ರ ಬರೆಯಬಹುದು. ನಮ್ಮ ಗಡಿಯ ಮನೆಗಳಿಗೆ ಇನ್ನೊಂದು ಅನುಕೂಲ: ಮರಾಠಿ, ಉರ್ದು, ತೆಲುಗು ಕೀಲಿಮಣೆಗಳೂ ಅದೇ ಪಟ್ಟಿಯಲ್ಲಿ ಸಾಲಾಗಿ ಇವೆ.

ಆಗದಿರುವುದನ್ನು ಮುಚ್ಚಿಡಬಾರದು, ಇಲ್ಲದಿದ್ದರೆ ನಾಳೆ ನನ್ನನ್ನೇ ಹಿಡಿದು ಕೇಳುತ್ತೀರಿ. ಟ್ಯಾಲಿ ವಿಂಡೋಸಿಗೆಂದೇ ಮಾಡಿದ್ದು; ಲಿನಕ್ಸಿನಲ್ಲಿ ನೇರವಾಗಿ ನಡೆಯದು. ಲೆಕ್ಕವನ್ನೆಲ್ಲ ಟ್ಯಾಲಿಯಲ್ಲಿ ಇಟ್ಟವರು ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಂಡು, ಟ್ಯಾಲಿಗಾಗಿ ಮಾತ್ರ ವಿಂಡೋಸ್ ತೆರೆಯುವುದು ಜಾಣತನ. ಆಗ ಅಂತರ್ಜಾಲ ಕಿತ್ತಿಟ್ಟರೆ ಇನ್ನೂ ಕ್ಷೇಮ. ಜಿ.ಎಸ್.ಟಿ. ತಾಣ ಬ್ರೌಸರಿನಲ್ಲಿಯೇ ತೆರೆಯುವುದರಿಂದ, ಫೋನಿಗೆ ಬರುವ ಓ.ಟಿ.ಪಿ.ಯಿಂದ ರಿಟರ್ನ್ ಸಲ್ಲಿಸುವ ಸಣ್ಣ ವ್ಯಾಪಾರಿಗೆ ತೊಡಕಿಲ್ಲ. ಡಿಜಿಟಲ್ ಸಹಿಯ ಟೋಕನ್ ಬಳಸುವವರು ಮಾತ್ರ ಪೆನ್ ಡ್ರೈವಿನಿಂದಲೇ ನಡೆಸಿ ಪರೀಕ್ಷಿಸಿ ಆಮೇಲೆ ಮುಂದುವರಿಯಲಿ. ಹಳೆಯ ಕೆಲವು ಲೇಸರ್ ಪ್ರಿಂಟರುಗಳು ಮೊಂಡು ಹಿಡಿಯುತ್ತವೆ. ನುಡಿಯ ಹಳೆಯ ಅಕ್ಷರದಲ್ಲಿ ಬರೆದ ಕಡತ ತೆರೆದರೆ ಅರ್ಥವಾಗದ ಗೀಚು ಕಾಣುತ್ತದೆ. ಅದು ಯೂನಿಕೋಡ್ ಅಲ್ಲದ ಕಾರಣ, ಪರಿವರ್ತಕದಿಂದ ಬದಲಿಸಿಕೊಳ್ಳಬೇಕು. ಈ ಕೆಲಸವನ್ನು ವಿಂಡೋಸ್ ಇರುವಾಗಲೇ ಮುಗಿಸಿಕೊಂಡರೆ ಒಳ್ಳೆಯದು.

ಇನ್ನು ಕೆಟ್ಟಾಗ ಯಾರ ಬಳಿ ಹೋಗುವುದು? ನಿಜವಾದ ಕೊರತೆ ಇದೊಂದೇ. ಅಂಗಡಿಯವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ. ಗೊತ್ತಿದ್ದವರಿಗೆ ಇದರಲ್ಲಿ ಗಳಿಕೆಯಿಲ್ಲ. ಆದ್ದರಿಂದ ಒಬ್ಬೊಬ್ಬರಾಗಿ ಹಾಕಿಕೊಳ್ಳಬೇಡಿರಿ. ಒಂದು ಓಣಿಯಲ್ಲಿ ನಾಲ್ಕು ಮನೆಯವರು ಕೂಡಿ ಹಾಕಿಕೊಳ್ಳಿ. ಒಬ್ಬನಿಗೆ ತೋಚದ್ದು ಇನ್ನೊಬ್ಬನಿಗೆ ತೋಚುತ್ತದೆ. ಹೆಚ್ಚಾಗಿ ಆ ಇನ್ನೊಬ್ಬ ಎಂದರೆ ಮನೆಯ ಹೈಸ್ಕೂಲು ಹುಡುಗಿಯೇ ಆಗಿರುತ್ತಾಳೆ.

ಚಿಂತಾಕಿಯ ಆ ಅಂಗಡಿಯಲ್ಲಿ ಆದದ್ದೂ ಅದೇ. ನಾವು ಹಿರಿಯರು ಎಫ್12 ಒತ್ತುವ ವೇಳೆ ತಪ್ಪಿಸಿ ತಪ್ಪಿಸಿ ಬೇಸತ್ತಾಗ ಮಗಳು ಬಂದು ಒಂದೇ ಸಲಕ್ಕೆ ಹಿಡಿದಳು. ಎಂಟು ಗಂಟೆಗೆ ಕರೆಂಟ್ ಹೋಯಿತು, ಒಂಬತ್ತಕ್ಕೆ ಬಂದಿತು, ಹತ್ತರ ಹೊತ್ತಿಗೆ ಯಂತ್ರದಲ್ಲಿ ಮಿಂಟ್ ನಡೆಯುತ್ತಿತ್ತು. ಈಗ ಅಂಗಡಿಯ ಉದ್ರಿ ಲೆಕ್ಕ ಲಿಬ್ರೆ ಆಫೀಸಿನ ಹಾಳೆಯಲ್ಲಿದೆ. ಪ್ರಿಂಟರ್ ಇನ್ನೂ ಮಾತು ಕೇಳುತ್ತಿಲ್ಲ. ಬರುವ ಸಂತೆಗೆ ಹೋದಾಗ ಅದನ್ನು ನೋಡಬೇಕಾಗಿದೆ.