ಗುಂಡಿ ತುಂಬಿದ ಮ್ಯಾಲ 'ಯಾರನ್ನಾರ' ಅಂದ್ರ ಯಾರನ್ನ?



ಅರಕೇರಾದಾಗ ನಮ್ಮ ಮನಿಗೆ ಹೊಸ ಬಚ್ಚಲ, ಪಾಯಖಾನಿ ಕಟ್ಟಿಸಾಕತ್ತೀವಿ. ಪೈಪ್ ಎಲ್ಲಿಂದ ಎಲ್ಲಿಗೆ ಅಂತ ಗೌಂಡಿ ಜೊತಿ ಕುಂತು ಗೆರಿ ಎಳೀವಾಗ ಅವ ಅಂದ, "ಸರ, ಒಂದ ಗುಂಡಿ ಸಾಕು. ಹದಿನೈದು ಫೂಟ್ ಇಳಿಸಿಬಿಡ್ರಿ, ಇಪ್ಪತ್ತು ವರ್ಷ ಆ ಕಡಿ ನೋಡೋದ ಬ್ಯಾಡ." ತುಂಬಿದ ಮ್ಯಾಲ? "ಆವಾಗ ಯಾರನ್ನಾರ ಕರೆಸಿದ್ರಾತು."

ಈ 'ಯಾರನ್ನಾರ' ಯಾರು? ಅವನಿಗೂ ಗೊತ್ತು, ನನಗೂ ಗೊತ್ತು, ನಿಮಗೂ ಗೊತ್ತು. ಆ ಹುಡುಗ ಇನ್ನೂ ಹುಟ್ಟಿರಲಿಕ್ಕಿಲ್ಲ. ಆದ್ರ ಅವನ ಜಾತಿ ಯಾವುದು ಅನ್ನೋದು ಇವತ್ತೇ ತೀರ್ಮಾನ ಆಗೇತಿ.

2013ರ ಕಾಯ್ದೆ ಪ್ರಕಾರ ರಕ್ಷಣಾ ಸಾಧನ ಇಲ್ಲದೆ ಯಾರನ್ನೂ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವಂತಿಲ್ಲ. ಇದು ಪಂಚಾಯ್ತಿಗಷ್ಟೇ ಅಲ್ಲ, ಮನಿ ಮಾಲೀಕನಿಗೂ ಅನ್ವಯ. ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕು ಅಂತ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2010ರಲ್ಲಿ ಸವಣೂರಿನ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದನ್ನ ನಾವು ಭಾಷಣದಾಗ ನೆನಸ್ತೀವಿ. ಮನಿ ಕಟ್ಟಿಸೋ ಮುಂದ ಮಾತ್ರ ನಮ್ಮ ಕೇರಿಯವರೂ, ನೀಲಿ ಶಾಲು ಹಾಕ್ಕೊಂಡವರೂ ಅದೇ ಹದಿನೈದು ಫೂಟ್ ತೋಡಸ್ತೀವಿ. ಇದಕ್ಕ ಏನನ್ನಬೇಕು?

ದಾರಿ ಇಲ್ಲ ಅನ್ನಬ್ಯಾಡ್ರಿ. ಅವಳಿ ಗುಂಡಿ ಮಾಡಿಸ್ರಿ. ಐದಾರು ಮಂದಿ ಇರೋ ಮನಿಗೆ ಮೂರೂವರಿ ಫೂಟ್ ಅಗಲ, ನಾಕು ಫೂಟ್ ಆಳದ ಎರಡು ಗುಂಡಿ, ನಡುವ ಕನಿಷ್ಠ ಒಂದು ಮೀಟರ್ ಅಂತರ. ಇಟ್ಟಂಗಿ ನಡುವ ಕಿಂಡಿ ಬಿಡ್ರಿ, ತಳಕ್ಕ ಸಿಮೆಂಟ್ ಬ್ಯಾಡ. ನಮ್ಮದು ಎರಿ ಮಣ್ಣು, ನೀರು ಬೇಗ ಹೀರಂಗಿಲ್ಲ. ಅದಕ್ಕ ಗುಂಡಿ ಸುತ್ತ ಒಂದು ಫೂಟ್ ಉಸುಕು, ಕಂಕರ್ ತುಂಬಿಸ್ರಿ. ಪೈಪಿಗೆ 15 ಅಡಿಗೆ ಒಂದು ಅಡಿ ಇಳಿಜಾರು ಇರಲಿ. ಚೇಂಬರಿನಾಗ ಒಂದು ಬಾಯಿ ಮುಚ್ಚಿರಬೇಕು. ಎರಡೂ ಬಾಯಿ ತೆಗೆದಿಟ್ರ ಎರಡೂ ಒಮ್ಮಿಗೇ ತುಂಬ್ತಾವ, ಮತ್ತ 'ಯಾರನ್ನಾರ' ಬೇಕಾಗ್ತದ. ಸ್ನಾನದ ನೀರು ಈ ಗುಂಡಿಗೆ ಬ್ಯಾಡ. ಬ್ಯಾರೆ ಪೈಪಿನಾಗ ಗಿಡಕ್ಕೋ ಇಂಗುಗುಂಡಿಗೋ ಬಿಡ್ರಿ.

ಸುಮಾರು ಮೂರು ವರ್ಷಕ್ಕೆ ಮೊದಲನೇದು ತುಂಬ್ತದ. ಪೈಪ್ ಎರಡನೇದಕ್ಕ ತಿರುಗಿಸಿ, ಮೊದಲನೇದನ್ನ ಎರಡು ವರ್ಷ ಮುಚ್ಚಿಡ್ರಿ. ಅಷ್ಟರಾಗ ಅದು ವಾಸನಿ ಇಲ್ಲದ ಒಣ ಗೊಬ್ಬರ. ಮಲ ಪೂರ್ತಿ ಕೊಳೆಯೋಕಿಂತ ಮೊದಲು ಕೈಯಿಂದ ಎತ್ತಿಸೋದನ್ನೇ ಕಾಯ್ದೆ 'ಮಲ ಹೊರುವುದು' ಅನ್ನೋದು. ಕೊಳೆತು ಮಣ್ಣಾದದ್ದನ್ನ ನಮ್ಮ ಸಲಿಕೆಯಿಂದ ನಾವೇ ತೆಗೀಬಹುದು.

"ಕೇರಿಯಾಗ ಜಾಗ ಎಲ್ಲೈತಿ?" ಅಂತೀರಿ. ಖರೆ ಐತಿ. ಜಾಗ ಇಲ್ಲದಿದ್ರ ಒಂದೇ ಗುಂಡಿ ನಡುವ ನೀರು ಜಿನುಗದ ಗ್ವಾಡಿ ಕಟ್ಟಿ ಎರಡು ಮಾಡಬಹುದು. ಅದೂ ಆಗದಿದ್ರ ಟ್ಯಾಂಕಿನ ಬಾಯಿ ಯಂತ್ರದ ಪೈಪ್ ಮುಟ್ಟೋ ಕಡಿ ಇಡ್ರಿ, ಸಕಿಂಗ್ ಗಾಡಿ ಕೊಡ್ರಿ ಅಂತ ಪಂಚಾಯ್ತಿ ಮುಂದ ಕುಂಡ್ರೋಣ, ನಾನೂ ಬರ್ತೀನಿ.

ನಮ್ಮ ಗೌಂಡಿ ಕೊನಿಗೆ ಕೇಳಿದ, "ಗೊಬ್ಬರ ತೆಗಿಯೋರು ಯಾರ್ರೀ ಸರ?" "ನಾನು," ಅಂದೆ. ಅವ ನಕ್ಕ. ಇದರಾಗ ನಗೋದು ಏನೈತಿ? ನಮ್ಮ ಮನಿ ಹೊಲಸು ನಾವೇ ತೆಗಿಯೋದು ನಗಿಪಾಟಲು ಅನ್ನಿಸೋತನಕ ಜಾತಿ ಎಲ್ಲಿ ಹೋದೀತು?

ಮನಿ ಕಟ್ಟಿಸೋರಿಗೆ ಇದನ್ನ ಕಳಸ್ರಿ. ಜೈ ಭೀಮ್.